ಮಕ್ಕಳ ಕಳ್ಳರ ಭಯ, ಸಂಪಿನ ಮುಚ್ಚಳದ ಮರೆವು

ಮಾನ್ಯ ಸಂಪಾದಕರಿಗೆ,

ಜೂನ್ ಬಂದು ಶಾಲೆ ಶುರುವಾದರೆ ಸಾಕು, ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೇ ಸಂದೇಶವೊಂದು ಧೂಳು ಕೊಡವಿಕೊಂಡು ಎದ್ದು ಬರುತ್ತದೆ. ‘ಊರಿಗೆ ಮಕ್ಕಳ ಕಳ್ಳರ ತಂಡ ಬಂದಿದೆ, ಬಿಳಿ ಓಮ್ನಿ ಕಂಡರೆ ಹುಷಾರು, ತಪ್ಪದೆ ಎಲ್ಲರಿಗೂ ಕಳಿಸಿ.’ ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ವದಂತಿಯಲ್ಲಿ ಮಾತ್ರ ಅದು ಇನ್ನೂ ಓಡುತ್ತಿದೆ. ಇದನ್ನು ಓದಿದ ಮನೆಯಲ್ಲಿ ಮರುದಿನದಿಂದ ಮಗು ಗೇಟು ದಾಟುವುದು ಬಂದ್. ಅರ್ಧ ಕಿಲೋಮೀಟರ್ ದೂರದ ಶಾಲೆಗೂ ಅಪ್ಪನ ಸ್ಕೂಟರೇ ಆಗಬೇಕು. ಅಪ್ಪನ ತಲೆಗೆ ಹೆಲ್ಮೆಟ್ ಇದೆ, ಮುಂದೆ ಕನ್ನಡಿಯ ಕಂಬಿ ಹಿಡಿದು ನಿಂತ ಮಗುವಿಗೆ ಇಲ್ಲ. ಇತ್ತ ಅಂಗಳದ ಸಂಪಿನ ಮುಚ್ಚಳ ತುಕ್ಕು ಹಿಡಿದು ಅಂಚು ಮುರಿದು ಯಾವ ಕಾಲವಾಯಿತೋ, ಅದರ ಕಡೆ ಯಾರ ಕಣ್ಣೂ ಹೋಗಿಲ್ಲ.

ಮಕ್ಕಳ ಚಿಕಿತ್ಸೆ ಮತ್ತು ಸುರಕ್ಷತೆಯ ಕೆಲಸದಲ್ಲಿರುವ ನಾವು ಕೆಲವರು ಸೇರಿ ಬರೆಯುತ್ತಿರುವ ಪತ್ರ ಇದು. ತಂದೆತಾಯಿ ಹೆದರಲೇಬಾರದು ಎನ್ನುವ ವಾದ ನಮ್ಮದಲ್ಲ. ಹೆದರಿಕೆಯನ್ನು ಎಲ್ಲಿ ಖರ್ಚು ಮಾಡಬೇಕೋ ಅಲ್ಲಿ ಮಾಡುತ್ತಿಲ್ಲ ಎನ್ನುವುದಷ್ಟೇ ನಮ್ಮ ತಕರಾರು.

ಮೊದಲು ಕಳ್ಳರ ವಿಷಯಕ್ಕೇ ಬರೋಣ. 2018ರ ಬೇಸಿಗೆಯಲ್ಲಿ ರಾಜ್ಯದುದ್ದಕ್ಕೂ ಹರಿದಾಡಿದ ವಿಡಿಯೊ ಬಹಳ ಜನರಿಗೆ ನೆನಪಿರಬಹುದು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಜಾಗೃತಿಗಾಗಿ ಮಾಡಿಸಿದ ಜಾಹೀರಾತು. ಬೈಕ್ ತಿರುಗಿ ಬಂದು ಮಗುವನ್ನು ಇಳಿಸಿ, ಬರಹದ ಫಲಕ ಎತ್ತಿ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಂಚಿದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದವರ ಕಾರನ್ನು ಅಡ್ಡಗಟ್ಟಿ ಹೊಡೆದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ 5 ಕಡೆಗಷ್ಟೇ ಮುಂದೂಡಬಹುದು ಎಂಬ ಮಿತಿ ಹಾಕಿತು. ಚಾಮರಾಜಪೇಟೆ, ಮುರ್ಕಿ ಎರಡೂ ಕಡೆ ಒಂದೇ ಒಂದು ಮಗುವೂ ಕಳುವಾಗಿರಲಿಲ್ಲ.

‘ಹಾಗಾದರೆ ವರ್ಷಕ್ಕೆ ಅಷ್ಟೊಂದು ಮಕ್ಕಳ ಅಪಹರಣ ಪ್ರಕರಣ ದಾಖಲಾಗುವುದು ಸುಳ್ಳೇ?’ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ, ಆದರೆ ಆ ಅಂಕಿ ಹುಟ್ಟುವ ಬಗೆ ತಿಳಿದಿರಬೇಕು. ಮಗು ಕಾಣೆಯಾಗಿದೆ ಎಂದು ದೂರು ಬಂದರೆ ಅಪಹರಣ ಅಥವಾ ಸಾಗಣೆ ಆಗಿರಬಹುದೆಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಆದೇಶಿಸಿತು. ಅದು ಸರಿಯಾದ ಆದೇಶ. ಮೊದಲಿನಂತೆ ‘ನಾಲ್ಕು ದಿನ ನೋಡಿ, ಬರ್ತಾನೆ ಬಿಡಿ’ ಎಂದು ಸಾಗಹಾಕುವುದಕ್ಕೆ ತಡೆ ಬಿತ್ತು. ಅದರಿಂದಾಗಿ ಪರೀಕ್ಷೆಯಲ್ಲಿ ನಪಾಸಾಗಿ ಅಜ್ಜಿ ಮನೆಗೆ ಓಡಿಹೋದ ಹುಡುಗ, ಪ್ರೀತಿಸಿದವನ ಜೊತೆ ಹೊರಟುಹೋದ 17ರ ಹುಡುಗಿ, ವಿಚ್ಛೇದನದ ಜಗಳದಲ್ಲಿ ಅಪ್ಪನೇ ಕರೆದೊಯ್ದ ಮಗು, ಎಲ್ಲರೂ ಒಂದೇ ತಲೆಬರಹದ ಕೆಳಗೆ ಬರುತ್ತಾರೆ. ಬೀದಿಯಲ್ಲಿ ಆಡುವ ಮಗುವನ್ನು ಪರಿಚಯವೇ ಇಲ್ಲದವನು ಬಾಚಿಕೊಂಡು ಹೋಗುವುದು ನಡೆಯುವುದೇ ಇಲ್ಲ ಎಂದಲ್ಲ. ಆ ಒಟ್ಟು ಮೊತ್ತವನ್ನು ಹಾಗೆ ಓದಬಾರದು, ಅಷ್ಟೆ.

ಇದಕ್ಕಿಂತ ಗಟ್ಟಿಯಾದ ಅಂಕಿ ಇನ್ನೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳ ಪ್ರಕಾರ, ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಮೊದಲೇ ಗೊತ್ತಿದ್ದವನು. ನೆಂಟ, ನೆರೆಯವ, ಮನೆಗೆ ಬಂದು ಹೋಗುವ ಸ್ನೇಹಿತ, ಪಾಠ ಹೇಳುವವನು. ನಾವಾದರೋ ಮಗುವಿಗೆ ಹೇಳಿಕೊಡುವುದು ‘ಗೊತ್ತಿಲ್ಲದವರ ಜೊತೆ ಮಾತಾಡಬೇಡ’ ಎಂದು. ಈ ಪಾಠ ಎರಡು ಕಡೆ ಕೈಕೊಡುತ್ತದೆ. ಗೊತ್ತಿರುವ ಮಾಮನ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಜಾತ್ರೆಯಲ್ಲಿ ಕೈತಪ್ಪಿದ ಮಗುವಿಗೆ ಸಹಾಯ ಸಿಗುವುದು ಗೊತ್ತಿಲ್ಲದವರಿಂದಲೇ. ಅವರ ಹತ್ತಿರ ಹೋಗಬಾರದೆಂದರೆ ಅದು ಇನ್ನೆಲ್ಲಿಗೆ ಹೋಗಬೇಕು?

ಹೇಳಿಕೊಡಬೇಕಾದದ್ದು ಬೇರೆ, ಮತ್ತು ಬಹಳವೇನೂ ಇಲ್ಲ. ಯಾರೇ ಕರೆದರೂ, ದೊಡ್ಡಪ್ಪನೇ ಕರೆದರೂ, ಮನೆಯವರಿಗೆ ಹೇಳದೆ ಹೋಗುವಂತಿಲ್ಲ. ಚಡ್ಡಿ ಮುಚ್ಚುವ ಜಾಗವನ್ನು ಸ್ನಾನ ಮಾಡಿಸುವ ಅಮ್ಮ, ಅಮ್ಮನ ಎದುರಿಗೆ ನೋಡುವ ಡಾಕ್ಟರು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ‘ಅಮ್ಮನಿಗೆ ಹೇಳಬೇಡ’ ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು. ದಾರಿ ತಪ್ಪಿದರೆ ಇದ್ದಲ್ಲೇ ನಿಲ್ಲಬೇಕು, ಹುಡುಕಿಕೊಂಡು ಓಡಬಾರದು. ಅಂಗಡಿಯಲ್ಲಿ ಕೂತವರನ್ನೋ ಮಗು ಎತ್ತಿಕೊಂಡ ಹೆಂಗಸನ್ನೋ ಕೇಳಬೇಕು. ಅಪ್ಪ ಅಥವಾ ಅಮ್ಮನ 10 ಅಂಕಿಯ ಮೊಬೈಲ್ ನಂಬರನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ, ಯುಕೆಜಿ ಮಕ್ಕಳಿಗೂ ಇದು ಸಾಧ್ಯ. ‘ನಿಮ್ಮಪ್ಪ ಕಳಿಸಿದ್ದಾರೆ’ ಎಂದು ಬಂದವರನ್ನು ಪರೀಕ್ಷಿಸಲು ಮನೆಯಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

ಅತಿ ಕಾವಲಿನ ಮನೆಗಳಲ್ಲಿ ನಾವು ಕಾಣುವ ದೊಡ್ಡ ಅಪಾಯ ಮಗು ಪುಕ್ಕಲಾಗುವುದಲ್ಲ. ಮಗು ಮುಚ್ಚಿಡಲು ಕಲಿಯುವುದು. ನಾಯಿ ಕಡಿತವನ್ನೇ ನೋಡಿ. ‘ಆ ಬೀದಿಗೆ ಹೋಗಬೇಡ ಅಂತ ಎಷ್ಟು ಸಲ ಹೇಳಿದ್ದೆ’ ಎಂದು ಬೈಸಿಕೊಳ್ಳುವ ಭಯಕ್ಕೆ, ಮೀನಖಂಡದ ಮೇಲೆ ಮರಿನಾಯಿ ಮಾಡಿದ ಸಣ್ಣ ಪರಚು ಗಾಯವನ್ನು ಮಗು ಕಾಲುಚೀಲ ಎಳೆದು ಮುಚ್ಚಿಕೊಳ್ಳುತ್ತದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದ ದಿನವೇ ಗೊತ್ತಾದರೆ ತಡೆಯುವುದು ಸುಲಭ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿ 15 ನಿಮಿಷ ತೊಳೆಯಬೇಕು, ಇದು ಚುಚ್ಚುಮದ್ದಿನಷ್ಟೇ ಮುಖ್ಯ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬಾರದು, ಬಟ್ಟೆ ಕಟ್ಟಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7, 28ನೇ ದಿನ; ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಿಸಲೇಬೇಕು. ಬಹಳ ಕಡೆ ತಪ್ಪಿಹೋಗುವುದು ಇದೇ. ಇಷ್ಟೆಲ್ಲ ಸೌಲಭ್ಯವಿದ್ದೂ ಮಗು ಬಾಯಿ ಬಿಡದಿದ್ದರೆ ಏನೂ ಪ್ರಯೋಜನವಿಲ್ಲ. ‘ಏನೇ ಆದರೂ ಹೇಳು, ಬೈಯುವುದಿಲ್ಲ’ ಎಂದು ಮಾತು ಕೊಡಿ. ಕೊಟ್ಟ ಮೇಲೆ ನಿಜಕ್ಕೂ ಬೈಯಬೇಡಿ.

ಇನ್ನು ನೀರು. ಸಣ್ಣ ಮಕ್ಕಳ ಆಕಸ್ಮಿಕ ಸಾವಿನ ದೊಡ್ಡ ಕಾರಣಗಳಲ್ಲಿ ಮುಳುಗುವುದು ಒಂದು. ಹೊಳೆ, ಕೆರೆ ಎಂದರೆ ಹೆದರುವ ಮನೆಗಳು ಬಕೆಟ್ಟಿಗೆ ಹೆದರುವುದಿಲ್ಲ. ಒಂದೂವರೆ ವರ್ಷದ ಮಗುವಿಗೆ ಮೈಗೆ ಹೋಲಿಸಿದರೆ ತಲೆ ಭಾರ. ನೀರಿನಲ್ಲಿ ಬಿದ್ದ ಚೊಂಬು ತೆಗೆಯಲು ಬಗ್ಗಿದರೆ ತಲೆ ಕೆಳಗಾಗಿ ಬೀಳುತ್ತದೆ, ಕೈಯೂರಿ ಮೇಲೇಳುವಷ್ಟು ಬಲ ಇರುವುದಿಲ್ಲ, ತುಂಬಿದ ಬಕೆಟ್ ಮಗುಚಿಕೊಳ್ಳುವುದೂ ಇಲ್ಲ. ಕಿರುಚಾಟ, ನೀರು ಬಡಿಯುವ ಸದ್ದು ಸಿನಿಮಾದಲ್ಲಷ್ಟೇ. ಪಕ್ಕದ ಅಡುಗೆಮನೆಯಲ್ಲಿದ್ದವರಿಗೂ ಕೇಳಿಸುವುದಿಲ್ಲ. ರಾತ್ರಿ ಬಕೆಟ್ ಖಾಲಿ ಮಾಡಿ ಬೋರಲು ಹಾಕುವುದು, ಬಚ್ಚಲುಮನೆಯ ಚಿಲಕವನ್ನು ಮಗುವಿನ ಕೈಗೆ ಎಟುಕದಷ್ಟು ಎತ್ತರಕ್ಕೆ ಹಾಕಿಸುವುದು, ಖರ್ಚು ನೂರು ರೂಪಾಯಿಯ ಆಸುಪಾಸು.

ಸಂಪಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಊರುಗಳಲ್ಲಿ ಇದು ಮನೆಮನೆಯಲ್ಲೂ ಇದೆ. ಬಾಯಿ ಸಾಮಾನ್ಯವಾಗಿ ಎರಡಡಿ ಚೌಕ, ಮುಚ್ಚಳ ತೆಳು ಕಬ್ಬಿಣದ ತಗಡು. ಕೆಡುವುದು ಮೊದಲು ಕೀಲು, ಆಮೇಲೆ ಅಂಚು. ಕೀಲು ಹೋದ ಮುಚ್ಚಳದ ಒಂದು ಮೂಲೆಯನ್ನು ಮಗು ತುಳಿದರೆ ಅದು ತೊಟ್ಟಿಲಿನಂತೆ ವಾಲಿ ಮಗುವನ್ನು ಒಳಗೆ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಹುಡುಕುವವರಿಗೆ ಮುಚ್ಚಿದ ಸಂಪೇ ಕಾಣುವುದು. ಅದಕ್ಕಿಂತ ಸಾಮಾನ್ಯ ಸಂದರ್ಭ, ಟ್ಯಾಂಕರ್ ಬಂದ ಹೊತ್ತು. ಪೈಪು ಇಳಿಸಲು ಮುಚ್ಚಳ ತೆಗೆಯುತ್ತಾರೆ, ತುಂಬುವ ತನಕ ತೆರೆದೇ ಇರುತ್ತದೆ, ಆ ಹೊತ್ತಿಗೆ ಗೇಟೂ ತೆರೆದಿರುತ್ತದೆ, ಟ್ಯಾಂಕರ್ ನೋಡಲು ಮಕ್ಕಳು ಓಡಿಬರುತ್ತಾರೆ.

ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಇದೆಲ್ಲ ಸರಿಹೋಗುತ್ತದೆ. ಮುಚ್ಚಳದ ಕೆಳಗೆ, ಬಾಯಿಯ ಒಳಚೌಕಕ್ಕೆ 10 ಎಂಎಂ ಸರಳಿನ ಜಾಲರಿ ಕೂರಿಸಿ, ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬೇಡ, ಅದಕ್ಕೊಂದು ಬೀಗ. ಸಂಪು ತೊಳೆಯುವ ದಿನ ಮಾತ್ರ ಅದನ್ನು ತೆಗೆಯಬೇಕು. ಟ್ಯಾಂಕರಿನ ಪೈಪಿಗಾಗಿ ಪಕ್ಕದಲ್ಲಿ ನಾಲ್ಕಿಂಚಿನ ಪಿವಿಸಿ ಕೊಳವೆಯೊಂದನ್ನು ಸಂಪಿನೊಳಕ್ಕೆ ಬಿಟ್ಟು ಬಿರಡೆ ಹಾಕಿದರೆ ಮುಚ್ಚಳ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಬಾಡಿಗೆ ಮನೆಯಾದರೆ ಓನರ್ ಜೊತೆ ಕರಾರು ಮಾಡಿಕೊಳ್ಳುವಾಗ ಲಿಫ್ಟು, ಪಾರ್ಕಿಂಗ್ ಕೇಳುವುದಕ್ಕಿಂತ ಮೊದಲು ಇದನ್ನು ಕೇಳಿ.

ಹಳ್ಳಿಗಳಲ್ಲಿ ಕೃಷಿ ಹೊಂಡ. ಮೂರು ಮೀಟರ್ ಆಳ, ಇಳಿಜಾರು ಗೋಡೆ, ಮೇಲೆ ಹಾಸಿದ ಪ್ಲಾಸ್ಟಿಕ್ ಹೊದಿಕೆ. ನೀರು ತಾಗಿ ಪಾಚಿ ಕಟ್ಟಿದ ಮೇಲೆ ಈಜು ಬಲ್ಲ ದೊಡ್ಡವರಿಗೂ ಅದನ್ನು ಹತ್ತಲಾಗದು. ಮಗನನ್ನು ಎತ್ತಲು ಹಾರಿದ ಅಪ್ಪನೂ ಒಳಗೇ ಉಳಿದ ಸುದ್ದಿಗಳು ನಿಮ್ಮ ಪತ್ರಿಕೆಯಲ್ಲೇ ಬರುತ್ತವೆ. ಸುತ್ತ ಬೇಲಿ ಬೇಕು, ಸರಿ. ಬೇಲಿಗೆ ಹಣ ಹೊಂದಿಸುವ ತನಕ ನಾಲ್ಕೂ ಬದಿಗೆ ಗಟ್ಟಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ತಳದ ತನಕ ಇಳಿಬಿಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಒಂದನ್ನು ಹಗ್ಗ ಕಟ್ಟಿ ಬದುವಿನಲ್ಲಿಡಿ, ದಡದಲ್ಲೇ ನಿಂತು ಎಸೆಯಲು. ಮುಳುಗಿದ ಮಗುವನ್ನು ಮೇಲೆತ್ತಿದಾಗ ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಎರಡೂ ತಪ್ಪು. ಒತ್ತಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯವಾದ ನಿಮಿಷಗಳೂ ಕಳೆದುಹೋಗುತ್ತವೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು, ಆಮೇಲೆ 30 ಸಲ ಎದೆ ಒತ್ತು, 2 ಸಲ ಉಸಿರು, ಹೀಗೆ 108 ಬರುವ ತನಕ ನಿಲ್ಲಿಸದೆ.

ಇಷ್ಟು ಹೇಳಿದ ಮೇಲೆ ಒಂದು ವಿಷಯ ಸೇರಿಸಲೇಬೇಕು. ನೀರಿನ ಹತ್ತಿರಕ್ಕೇ ಬಿಡದೆ ಬೆಳೆಸಿದ ಮಗು 14ನೇ ವಯಸ್ಸಿಗೆ ಗೆಳೆಯರ ಜೊತೆ ಕಲ್ಲುಕ್ವಾರಿಗೆ ಹೋಗುತ್ತದೆ, ಹೇಳದೆ ಹೋಗುತ್ತದೆ. ಮುಳುಗಿ ಸಾಯುವ ಮಕ್ಕಳ ಸಂಖ್ಯೆ ಬಹಳವಿದ್ದ ಬಾಂಗ್ಲಾದೇಶದಲ್ಲಿ ಹಿಡಿದ ದಾರಿ ಎರಡು. ತಾಯಂದಿರು ಅಡುಗೆ, ಹೊಲದ ಕೆಲಸದಲ್ಲಿರುವ ಬೆಳಿಗ್ಗೆ 9ರಿಂದ 1ರ ತನಕ ಪುಟ್ಟ ಮಕ್ಕಳನ್ನು ಊರಿನ ಶಿಶುವಿಹಾರದಲ್ಲಿ ಕೂರಿಸಿಕೊಂಡರು. ದೊಡ್ಡ ಮಕ್ಕಳಿಗೆ ಊರ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ 25 ಮೀಟರ್ ಈಜುವುದು, 30 ಸೆಕೆಂಡ್ ತೇಲುವುದು, ದಡದಿಂದಲೇ ಕೋಲು ಚಾಚಿ ಇನ್ನೊಬ್ಬರನ್ನು ಎಳೆಯುವುದು, ಇಷ್ಟನ್ನು ಕಲಿಸಿದರು. ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದ ನಾಡಿಗೆ ಇದೇನು ಹೊಸ ವಿದ್ಯೆಯಲ್ಲ.

ಸ್ಕೂಟರ್ ವಿಷಯ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಬೇಕೆಂದು ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೇಳುತ್ತದೆ. 9 ತಿಂಗಳಿನಿಂದ 4 ವರ್ಷದ ಮಕ್ಕಳಿಗೂ ಹೆಲ್ಮೆಟ್, ಸವಾರನ ಭುಜಕ್ಕೆ ಬಿಗಿಯುವ ಸುರಕ್ಷತಾ ಪಟ್ಟಿ, ಜೊತೆಗೆ ಗಂಟೆಗೆ 40 ಕಿಲೋಮೀಟರ್ ಮೀರದ ವೇಗ, ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಪಟ್ಟಿ 30 ಕಿಲೋ ಭಾರ ತಾಳಬೇಕು. ಪುಟ್ಟ ಮಕ್ಕಳ ಕುತ್ತಿಗೆಗೆ ಭಾರವಾಗದಂತೆ ಸೈಕಲ್ ಹೆಲ್ಮೆಟ್ಟಿಗೂ ನಿಯಮದಲ್ಲಿ ಅವಕಾಶವಿದೆ. ‘ಬೆಳೆಯೋ ಮಗು’ ಎಂದು ಒಂದು ಸೈಜು ದೊಡ್ಡದು ಕೊಳ್ಳುವವರಿದ್ದಾರೆ. ಯೂನಿಫಾರಂ ಹಾಗೆ ಕೊಳ್ಳಬಹುದು, ಹೆಲ್ಮೆಟ್ ಅಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಕೂರಬೇಕು, ಗದ್ದದ ಪಟ್ಟಿಯೊಳಗೆ ಒಂದೇ ಬೆರಳು ತೂರಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಮಾತ್ರ ಅಲ್ಲಾಡಬಾರದು.

ಮಗುವನ್ನು ಮುಂದೆ ನಿಲ್ಲಿಸಿಕೊಳ್ಳುವುದು ಕಣ್ಣೆದುರು ಇರಲಿ ಎಂಬ ಪ್ರೀತಿಗೆ. ಬ್ರೇಕ್ ಹಾಕಿದ ಕ್ಷಣ ಮೊದಲು ಹ್ಯಾಂಡಲಿಗೆ ಬಡಿಯುವುದು ಅದರ ಮುಖ ಮತ್ತು ಎದೆ. ಹಿಂದಿನಿಂದ ಅಪ್ಪನ 70 ಕಿಲೋ ಅದರ ಮೇಲೇ ಬೀಳುತ್ತದೆ. ಇನ್ನೊಂದು ಅಪಘಾತ ಗಾಡಿ ನಿಂತಾಗಲೇ ಆಗುವುದು: ಎಂಜಿನ್ ಆರಿಸದೆ ಹಾಲಿನ ಪ್ಯಾಕೆಟ್ ತರಲು ಇಳಿಯುತ್ತಾರೆ, ಮಗು ಆಕ್ಸಿಲರೇಟರ್ ತಿರುವುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಗಾಡಿ ಚಾಲೂ ಇದೆಯೋ ಇಲ್ಲವೋ ಸದ್ದಿನಿಂದ ಗೊತ್ತೂ ಆಗದು. ಹಿಂದೆ ಕೂತ ಮಗುವಿನ ಹಿಮ್ಮಡಿ ಚಕ್ರದ ಕಡ್ಡಿಗೆ ಸಿಕ್ಕಿ ಚರ್ಮ ಸುಲಿದು ಬರುವುದನ್ನು ತಡೆಯಲು ಸೀರೆ ಗಾರ್ಡ್ ಮತ್ತು ಬೂಟು ಸಾಕು. ಇಷ್ಟು ವರ್ಷ ಒಬ್ಬನೇ ರಸ್ತೆ ದಾಟಲೂ ಬಿಡದ ಮಗನಿಗೆ ಹತ್ತನೇ ಕ್ಲಾಸಿನಲ್ಲಿ ‘ಟ್ಯೂಷನ್ನಿಗೆ ಲೇಟಾಗುತ್ತೆ’ ಎಂದು ಗಾಡಿಯ ಕೀ ಕೊಡುವವರೂ ಇವರೇ. ಕಾಯ್ದೆಯ 199ಎ ಕಲಮಿನಡಿ ಅದಕ್ಕೆ 25,000 ರೂಪಾಯಿ ದಂಡ, ಪೋಷಕರಿಗೆ 3 ವರ್ಷದ ತನಕ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸಿಲ್ಲ.

ಜ್ವರದ ಭಯದ ಬಗ್ಗೆ ಒಂದೆರಡು ಮಾತು. ‘ಜ್ವರ ತಲೆಗೇರುತ್ತೆ’ ಎಂದು ಹೆದರಿ ಎರಡು ಗಂಟೆಗೊಮ್ಮೆ ಪ್ಯಾರಾಸಿಟಮಾಲ್ ಕುಡಿಸುವುದು ಜ್ವರಕ್ಕಿಂತ ಅಪಾಯ. ಲೆಕ್ಕ ತೂಕದ ಮೇಲೆ: ಕಿಲೋಗೆ 15 ಮಿಲಿಗ್ರಾಂ, ದಿನಕ್ಕೆ 4 ಸಲಕ್ಕಿಂತ ಹೆಚ್ಚಿಲ್ಲ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದರೆ 5 ಮಿಲಿಯಲ್ಲಿ 125 ಇರುವ ಸಿರಪ್ಪಾದರೆ 6 ಮಿಲಿ, 250 ಇರುವುದಾದರೆ 3 ಮಿಲಿ, ಒಂದು ಮಿಲಿಯಲ್ಲೇ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ. 125ರ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಒಳಗೆ ಹೋಗುತ್ತದೆ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆ. 3 ತಿಂಗಳೊಳಗಿನ ಕೂಸಿಗೆ ಜ್ವರ ಎಷ್ಟೇ ಕಡಿಮೆ ಇರಲಿ, ಆ ದಿನವೇ ವೈದ್ಯರಿಗೆ ತೋರಿಸಬೇಕು. ಅಲ್ಲಿ ಹೆದರಿಕೆ ಸರಿಯಾದದ್ದೇ. ಮಳೆಯಲ್ಲಿ ನೆನೆದದ್ದಕ್ಕೆ ಕೆಮ್ಮಿನ ಸಿರಪ್ ಕುಡಿಸುವವರು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ಪಿನಿಂದ ಮಕ್ಕಳ ಮೂತ್ರಪಿಂಡ ಕೆಟ್ಟು ಸಾವು ಸಂಭವಿಸಿದ್ದನ್ನು ನೆನೆಯಲಿ. ನೆಗಡಿ ತರುವುದು ವೈರಸ್ಸು, ಮಳೆಹನಿಯಲ್ಲ.

ಬಿಸಿಲು, ಧೂಳು ಎಂದು ಒಳಗೇ ಇಟ್ಟರೆ ಬೆಲೆ ತೆರುವುದು ಕಣ್ಣು. ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಿಗೆ ಕಳಿಸುವ ಕಾರ್ಯಕ್ರಮ ತಂದ ಮೇಲೆ, ಏರುತ್ತಲೇ ಇದ್ದ ಸಮೀಪದೃಷ್ಟಿಯ (ದೂರದ್ದು ಮಸುಕಾಗಿ ಕಾಣುವ ದೋಷದ) ಪ್ರಮಾಣ ಇಳಿಮುಖವಾಯಿತು. ಮರದ ನೆರಳಿನ ಬೆಳಕೂ ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಪ್ರಖರ.

ಹಾಗಾದರೆ ಮಗುವನ್ನು ನಾಳೆಯಿಂದಲೇ ಒಬ್ಬನೇ ಶಾಲೆಗೆ ಕಳಿಸಿಬಿಡುವುದೇ? ಇಲ್ಲ, ಅದಕ್ಕೂ ತಯಾರಿ ಬೇಕು. ಎಂಟು ಒಂಬತ್ತು ವರ್ಷದ ತನಕ ಬರುವ ಗಾಡಿಯ ವೇಗವನ್ನು ಮಗು ಸರಿಯಾಗಿ ಅಂದಾಜಿಸಲಾರದು, ದೂರ ಮಾತ್ರ ನೋಡುತ್ತದೆ. 7 ಮೀಟರ್ ಅಗಲದ ರಸ್ತೆ ದಾಟಲು ಅದಕ್ಕೆ ಸುಮಾರು 6 ಸೆಕೆಂಡ್ ಬೇಕು. ಗಂಟೆಗೆ 40 ಕಿಲೋಮೀಟರಿನಲ್ಲಿ ಬರುವ ಗಾಡಿ ಅಷ್ಟರಲ್ಲಿ ಸುಮಾರು 67 ಮೀಟರ್ ಬಂದಿರುತ್ತದೆ, 60ರಲ್ಲಿ ಬಂದರೆ 100 ಮೀಟರ್. ಮಗುವಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಒಂದು ಲೈಟುಕಂಬ ತೋರಿಸಿ: ‘ಗಾಡಿ ಆ ಕಂಬಕ್ಕಿಂತ ಈಚೆ ಬಂದಿದ್ದರೆ ನಿಲ್ಲು.’ ಅದು ಅರ್ಥವಾಗುತ್ತದೆ.

ಮೊದಲ ಎರಡು ವಾರ ದಾರಿ ತೋರಿಸುವ ಕೆಲಸ ಮಗುವಿನದು, ನೀವು ಹಿಂದೆ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ ಸುಮ್ಮನೆ ನೋಡಿ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡುವುದು ಎಲ್ಲ ಶಾಲೆಯಲ್ಲೂ ಹೇಳಿಕೊಡುತ್ತಾರೆ; ಆದರೆ ನಮ್ಮ ರಸ್ತೆಗಳಲ್ಲಿ ಒನ್‌ವೇಗೆ ಎದುರಾಗಿ ಬೈಕು ಬರುವುದು ಮಾಮೂಲು, ಹಾಗಾಗಿ ಡಿವೈಡರ್ ಮೇಲೆ ನಿಂತಾಗ ಎರಡೂ ಕಡೆ ಹೊಸದಾಗಿ ನೋಡಬೇಕು. ನಿಂತ ಬಸ್ಸಿನ ಮುಂದಿನಿಂದ ದಾಟಲೇಬಾರದು, ಬಸ್ಸು ಹೋದ ಮೇಲೆ ದಾಟಬೇಕು. ನಿಲ್ಲಿಸಿದ ಕಾರುಗಳ ನಡುವೆ ನುಗ್ಗುವಾಗ ಕಾರಿನ ಹೊರ ಅಂಚಿಗೆ ಬಂದು ಇನ್ನೊಮ್ಮೆ ನಿಲ್ಲಬೇಕು, ಏಕೆಂದರೆ ಚಾಲಕನಿಗೆ ಮಗುವಿನ ತಲೆ ಬಾನೆಟ್ಟಿಗಿಂತ ಮೇಲೆ ಕಾಣುವುದೇ ಇಲ್ಲ. ಆಮೇಲೆ 20 ಹೆಜ್ಜೆ ಹಿಂದೆ ಉಳಿಯಿರಿ. ಮುಂದೆ ಕಷ್ಟದ ಒಂದು ಕ್ರಾಸಿನಲ್ಲಿ ಮಾತ್ರ ನಿಲ್ಲಿ. ಅದೇ ಬೀದಿಯ ಮೂರು ನಾಲ್ಕು ಮಕ್ಕಳ ಗುಂಪಾದರೆ ಇನ್ನೂ ಒಳ್ಳೆಯದು, ದೊಡ್ಡವರು ವಾರಕ್ಕೊಬ್ಬರಂತೆ ಸರದಿ ಹಾಕಿಕೊಳ್ಳಬಹುದು. ಹತ್ತು ವರ್ಷದ ಹೊತ್ತಿಗೆ ಸಣ್ಣ ರಸ್ತೆಗಳನ್ನು ಒಬ್ಬರೇ ದಾಟುವಂತಾಗುತ್ತಾರೆ, ಕೆಲವರಿಗೆ ಇನ್ನೊಂದು ವರ್ಷ ಹಿಡಿಯುತ್ತದೆ. ನಡುವೆ ಅರ್ಧ ಲೀಟರ್ ಮೊಸರು, ಕೊತ್ತಂಬರಿ ಕಟ್ಟು ತರಲು ಮೂಲೆ ಅಂಗಡಿಗೆ ಕಳಿಸಿ, ಚಿಲ್ಲರೆ ಎಣಿಸಿ ತರಲಿ. ಮಣಿಕಟ್ಟಿಗೆ ಜಿಪಿಎಸ್ ವಾಚು ಕಟ್ಟಿ ಇದನ್ನೆಲ್ಲ ಬಿಟ್ಟರೆ, ಮಗು ಎಲ್ಲಿದೆ ಎಂಬುದಷ್ಟೇ ಗೊತ್ತಾಗುತ್ತದೆ. ರಸ್ತೆ ದಾಟಲು ವಾಚಿಗೂ ಬರುವುದಿಲ್ಲ.

ಹೀಗೆಲ್ಲ ಬರೆಯುವಾಗ ಪೋಷಕರೊಬ್ಬರನ್ನೇ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ, 9 ತಿಂಗಳ ಕೂಸು ಸತ್ತರು. ಅದಾದ ಮೇಲೆ ‘ನಡೆದು ಹೋಗಲಿ ಬಿಡಿ’ ಎನ್ನಲು ಯಾರಿಗೆ ಬಾಯಿ ಬಂದೀತು? 2022ರ ಆಗಸ್ಟಿನಲ್ಲಿ ಬೈಂದೂರು ಭಾಗದಲ್ಲಿ ಶಾಲೆಯಿಂದ ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಹಳ್ಳ ದಾಟುವ ಕಾಲುಸಂಕದಿಂದ ಜಾರಿ ತೋಡಿನಲ್ಲಿ ಕೊಚ್ಚಿಹೋದಳು. ಕರಾವಳಿ, ಮಲೆನಾಡಿನಲ್ಲಿ ಮಳೆ ರಜೆ ಕೊಟ್ಟಾಗ ಪೇಟೆಯವರು ಗೇಲಿ ಮಾಡುವುದುಂಟು. ಅಡಿಕೆ ಮರದ ಎರಡು ಸೀಳನ್ನು ಹಾಸಿದ ಸಂಕದ ಮೇಲೆ ಕೊಡೆ, ಚೀಲ ಹಿಡಿದು ದಾಟುವ ಮಗುವಿನ ಅಮ್ಮ ಹೆದರುವುದು ಅತಿಯಲ್ಲ. ಅಲ್ಲಿ ಆಗಬೇಕಾದದ್ದು ಎರಡೂ ಕಡೆ ಕೈತಾಂಗು ಇರುವ ಕಾಂಕ್ರೀಟ್ ಕಾಲುಸೇತುವೆ. ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ.

ತಮ್ಮ ಪತ್ರಿಕೆಗೆ ಎರಡು ಕೋರಿಕೆ. ‘ಬಾಲಕ ನಾಪತ್ತೆ’ ಎಂದು ಮುಖಪುಟದಲ್ಲಿ ಅಚ್ಚಾದ ಸುದ್ದಿಗೆ, ಮಗು ಸಿಕ್ಕ ಮೇಲೆ ಅದೇ ಪುಟದಲ್ಲಿ ಅಷ್ಟೇ ಜಾಗ ಕೊಡಿ, ಎಲ್ಲಿಗೆ ಹೋಗಿತ್ತು ಎನ್ನುವುದನ್ನು ಹೆಸರು, ಗುರುತು ಬಿಟ್ಟು ಬರೆಯಿರಿ. ಮಗು ನೀರಿಗೆ ಬಿದ್ದು ಸತ್ತ ಸುದ್ದಿಯನ್ನು ‘ಆಟವಾಡುತ್ತಿದ್ದಾಗ ಕಾಲು ಜಾರಿ’ ಎಂದು ಮುಗಿಸಬೇಡಿ. ಸಂಪಿಗೆ ಮುಚ್ಚಳವಿತ್ತೇ, ಬೀಗವಿತ್ತೇ, ಹೊಂಡಕ್ಕೆ ಬೇಲಿಯಿತ್ತೇ, ಆಗ ಗಂಟೆ ಎಷ್ಟು, ಹತ್ತಿರ ಯಾರಿದ್ದರು ಎಂದು ವರದಿಗಾರರು ಕೇಳಿ ಬರೆದರೆ, ಓದಿದವರು ಪತ್ರಿಕೆ ಮಡಚಿಟ್ಟು ತಮ್ಮ ಮನೆಯ ಸಂಪನ್ನು ಒಮ್ಮೆ ನೋಡಿ ಬರುತ್ತಾರೆ.

ಇಂತಿ,
ಮಕ್ಕಳ ಆರೋಗ್ಯ ಮತ್ತು ಸುರಕ್ಷತೆಯ ಕೆಲಸದಲ್ಲಿರುವ ಕೆಲವರು
ಶಿವಮೊಗ್ಗ